ಓದಕ್ಕನಿಗೆ ಯಾರೂ ಓದಿ ಹೇಳಿರಲಿಲ್ಲ

ನಲವತ್ತಮೂರು ಪುಟಗಳ ಒಂದೇ ಬರಹವನ್ನು ವರ್ಷಕ್ಕೆ ನಾನೂರ ಹನ್ನೆರಡು ಸಲ ಗಟ್ಟಿಯಾಗಿ ಓದುವುದು ಓದಕ್ಕನ ಕೆಲಸ. ಒಂದು ಓದಿಗೆ ಮೂರೂವರೆ ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಒಂದು ಮನೆ. ಬಗಲಿನಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಕಾಗದ, ಬಿಸಿನೀರಿನ ಫ್ಲಾಸ್ಕು, ಗಂಟಲಿಗೆ ಜ್ಯೇಷ್ಠಮಧುವಿನ ಕಡ್ಡಿ. ಊರಿನ ಎಲ್ಲರಿಗೂ ಅವಳು ಓದಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅಕ್ಕನೇ.

ಅವಳು ಹುಟ್ಟುವ ಮೊದಲು ಆ ಊರಿಗೆ ಪುರಸಭೆ ಇತ್ತು. ಅದು ಮುಚ್ಚುವಾಗ ಯಾವ ಗಲಾಟೆಯೂ ಆಗಲಿಲ್ಲ. ಮೊದಲು ಅಧ್ಯಕ್ಷರು ಬರುವುದು ನಿಂತಿತು, ಆಮೇಲೆ ಸಂಬಳ ಬರುವುದು ನಿಂತಿತು. ಕೊನೆಗೆ ಉಳಿದಿದ್ದ ಗುಮಾಸ್ತ ಒಂದು ಶನಿವಾರ ಬಾಗಿಲಿಗೆ ಬೀಗ ಹಾಕಿ, ಯಾರಾದರೂ ಕೇಳಿದರೆ ಕೊಡಿ ಎಂದು ಕೀಲಿಯನ್ನು ಎದುರಿನ ಚಹಾ ಅಂಗಡಿಯಲ್ಲಿ ಬಿಟ್ಟುಹೋದ. ಯಾರೂ ಕೇಳಲಿಲ್ಲ. ಒಂದು ತಿಂಗಳು ಊರು ಕಾಯಿತು. ಆಮೇಲೆ ನೀರು ಬೇಕು, ದೀಪ ಬೇಕು, ಚರಂಡಿ ಹರಿಯಬೇಕು, ಜಗಳ ಬಂದರೆ ಹೇಳಿಕೊಳ್ಳಲು ಒಬ್ಬರು ಬೇಕು ಎಂದು ಹಿರಿಯರು ಕೂತು ಒಪ್ಪಂದ ಬರೆದರು. ಅದರ ಮೊದಲ ಸಾಲು, ಯಾರನ್ನೂ ಇದಕ್ಕೆ ಎಳೆಯತಕ್ಕದ್ದಲ್ಲ ಎಂದು.

ಬೇಕಾದವರು ಸಹಿ ಹಾಕಬಹುದು, ಬೇಡವಾದವರು ಬಿಡಬಹುದು. ಮನೆಗೊಂದು ಸಹಿ. ಮನೆ ಯಾರ ಹೆಸರಿನಲ್ಲಿದೆಯೋ ಅವರದು. ಒಂದು ವರ್ಷಕ್ಕೆ ಮುಗಿಯುತ್ತದೆ, ಮತ್ತೆ ಹಾಕಬೇಕು. ಬರೆದ ಹಿರಿಯರೆಲ್ಲ ಒಂದಲ್ಲ ಒಂದು ಕಾಗದಕ್ಕೆ ಓದದೆ ಸಹಿ ಹಾಕಿ ಕೈ ಸುಟ್ಟುಕೊಂಡವರೇ ಆಗಿದ್ದರಿಂದ ಇನ್ನೊಂದು ಮಾತನ್ನೂ ಸೇರಿಸಿದರು. ಸಹಿ ಹಾಕುವವರ ಮನೆಯಲ್ಲೇ, ಅವರು ತೋರಿಸಿದ ಜಾಗದಲ್ಲೇ, ಪೂರ್ತಿ ಒಪ್ಪಂದವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಒಂದು ಪದ ಕೇಳಿಸದಿದ್ದರೂ ಆ ಪುಟವನ್ನು ಮೊದಲಿನಿಂದ ಓದಬೇಕು. ಕೊನೆಯಲ್ಲಿ ಎರಡು ಪ್ರಶ್ನೆ. ಕೇಳಿದಿರಾ? ಒಪ್ಪಿಗೆಯೇ?

ಕೇಳುವವರು ಹೇಗೆ ಕೇಳುತ್ತಾರೆ ಎಂಬುದರ ಬಗ್ಗೆ ಓದಕ್ಕನಿಗೆ ಯಾವ ಭ್ರಮೆಯೂ ಇರಲಿಲ್ಲ. ಔಷಧಿ ಅಂಗಡಿಯವರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾರೆ. ಸೂಲಗಿತ್ತಿ ಆ ಹೊತ್ತಿಗೆಂದೇ ವರ್ಷದ ಹರಿದ ಬಟ್ಟೆಗಳನ್ನೆಲ್ಲ ಕೂಡಿಟ್ಟು ತೇಪೆ ಹಾಕುತ್ತಾಳೆ. ಒಂದು ಮನೆಯಲ್ಲಿ ಚರಂಡಿಯ ಇಳಿಜಾರಿನ ಬಗ್ಗೆ ಇರುವ ಹತ್ತೊಂಬತ್ತನೇ ಪುಟ ಬಂದಾಗ ಯಜಮಾನಿತಿ ಪ್ರತಿ ವರ್ಷ ಕಣ್ಣೀರು ಒರೆಸಿಕೊಳ್ಳುತ್ತಾಳೆ. ಯಾಕೆಂದು ಓದಕ್ಕ ಕೇಳಿದವಳಲ್ಲ. ತನ್ನ ಕೆಲಸ ಓದುವುದು.

ಈ ಕೆಲಸ ಅವಳಿಗೆ ಸೋದರತ್ತೆಯಿಂದ ಬಂದಿತು. ಓದುಗರಾಗಬೇಕಾದವರು ಹಳೆಯ ಓದುಗರ ಹಿಂದೆ ಒಂದು ವರ್ಷ ಎಲ್ಲ ಮನೆಗೂ ತಿರುಗಬೇಕು. ಅವಳು ತಿರುಗಿದಳು. ಆ ವರ್ಷದ ಕೊನೆಯಲ್ಲಿ ಅತ್ತೆಯ ದನಿ ಪೂರ್ತಿ ನಿಂತುಹೋಯಿತು. ಉಳಿದ ವಿಷಯಗಳನ್ನು ಅತ್ತೆ ಕೈಸನ್ನೆಯಲ್ಲಿ ಕಲಿಸಿದಳು. ಫ್ಲಾಸ್ಕು ಎಲ್ಲಿಡಬೇಕು, ನಾಯಿ ಇರುವ ಮನೆ ಯಾವುದು, ಯಾವ ಪುಟದಲ್ಲಿ ನೀರು ಕುಡಿಯಬೇಕು. ಕೈಸನ್ನೆಗೆ ಸಿಗದ ಒಂದು ವಿಷಯ ಮಾತ್ರ ಉಳಿದುಹೋಯಿತು. ಅತ್ತೆ ತೀರಿಕೊಂಡಳು, ಮನೆ ಓದಕ್ಕನ ಹೆಸರಿಗೆ ಬಂತು, ಜೊತೆಗೆ ಸಹಿ ಹಾಕುವ ಸರದಿಯೂ ಬಂತು. ಓದಿಸಿಕೊಳ್ಳಲು ಓದುಗರನ್ನು ಎಲ್ಲಿ ಹುಡುಕುವುದು? ಊರಿಗೆ ಇದ್ದವಳು ತಾನೊಬ್ಬಳೇ. ಅವಳು ಕನ್ನಡಿಯ ಮುಂದೆ ಮಣೆ ಹಾಕಿಕೊಂಡು ಕೂತು, ಒಂದು ಅಕ್ಷರವನ್ನೂ ನುಂಗದೆ ನಲವತ್ತಮೂರು ಪುಟ ಓದಿದಳು. ಕೇಳಿದಿರಾ ಎಂದಳು. ಕೇಳಿದೆ ಎಂದಳು. ಒಪ್ಪಿಗೆಯೇ ಎಂದಳು. ಒಪ್ಪಿಗೆ ಎಂದು ಸಹಿ ಹಾಕಿದಳು. ಹೀಗೆ ಹನ್ನೊಂದು ವರ್ಷ ನಡೆಯಿತು. ಅವಳಷ್ಟು ಶ್ರದ್ಧೆಯಿಂದ ಕೇಳುವವರು ಊರಲ್ಲಿ ಇನ್ನೊಬ್ಬರಿಲ್ಲವೆಂದು ಅವಳಿಗೇ ಅನ್ನಿಸುತ್ತಿತ್ತು.

ಮನೆಗೆ ಎರಡು ಕೋಣೆ. ಮುಂದಿನದರಲ್ಲಿ ಬದುಕು, ಹಿಂದಿನದರಲ್ಲಿ ಗಂಡನ ಹೊಲಿಗೆ ಯಂತ್ರ. ಗಂಡ ಟೈಲರು. ಶಾಲೆಯ ಸಮವಸ್ತ್ರಗಳನ್ನು ಹೊಲಿಯುತ್ತಾನೆ. ಮನೆಗಿರುವ ಒಂದೇ ದೊಡ್ಡ ಕಿಟಕಿ ಹಿಂದಿನ ಕೋಣೆಯಲ್ಲಿ, ಆ ಬೆಳಕು ಬಿಟ್ಟು ಅವನಿಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಆ ಕೋಣೆಯ ಗೋಡೆಯ ಆಚೆಗೆ ಹಿಟ್ಟಿನ ಗಿರಣಿ. ಇಪ್ಪತ್ತು ವರ್ಷದಿಂದ ಗಿರಣಿ ಅಲ್ಲೇ ಇತ್ತು, ಯಾರಿಗೂ ತೊಂದರೆ ಇರಲಿಲ್ಲ. ಆ ವರ್ಷ ಗಿರಣಿಯವನು ಹೊಸ ಮೋಟಾರು ತಂದ. ಹಳೆಯದರ ಎರಡರಷ್ಟು ದೊಡ್ಡದು. ಅದನ್ನು ಆ ಗೋಡೆಗೆ ಒತ್ತಿಕೊಂಡೇ ಸಿಮೆಂಟಿನಲ್ಲಿ ಕೂರಿಸಿ ಬೋಲ್ಟು ಬಿಗಿದ.

ಮೊದಲು ಕಾಲರುಗಳು ಸೊಟ್ಟಗಾದವು. ಆಮೇಲೆ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಒಂದು ಗೆರೆ ಕಾಣಿಸಿತು. ಟೈಲರು ಪ್ರತಿ ಸೋಮವಾರ ಟೇಪು ಹಿಡಿದು ಅದರ ಅಗಲ ಅಳೆದು, ಪಕ್ಕದಲ್ಲೇ ಬಟ್ಟೆಯ ಸೀಮೆಸುಣ್ಣದಲ್ಲಿ ಬರೆದಿಟ್ಟ. ಮೊದಲ ವಾರ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು. ತಿಂಗಳಿಗೆ ಮೂರು ನೂಲು. ನಾಲ್ಕು ತಿಂಗಳಿಗೆ ಮುಕ್ಕಾಲು ಇಂಚು.

"ಗೋಡೆ ಹೊಲಿಗೆ ಬಿಡ್ತಿದೆ," ಎಂದ.

"ಯಂತ್ರ ಮುಂದಿನ ಕೋಣೆಗೆ ಎಳ್ಕೊಳ್ಳಿ ಅಂದ್ರೆ ಕೇಳಲ್ಲ ನೀವು."

"ಅಲ್ಲಿ ಕತ್ತಲಲ್ಲಿ ಹೊಲಿದ್ರೆ ಮಕ್ಕಳು ಮೂರು ತೋಳಿನ ಅಂಗಿ ಹಾಕ್ಕೊಂಡು ಹೋಗ್ತಾರೆ. ಗೋಡೆ ಬಿದ್ರೆ ನನ್ನ ಮೇಲೇ ಬೀಳೋದು, ನಿನಗ್ಯಾಕೆ ಚಿಂತೆ?"

ಓದಕ್ಕ ಗಿರಣಿಗೆ ಹೋದಳು. ಗಿರಣಿಯವನು ಒಳ್ಳೆಯ ಮನುಷ್ಯ. ರೆಪ್ಪೆಯ ಮೇಲೆ ಕೂಡ ಹಿಟ್ಟು ಕೂತಿರುತ್ತದೆ, ಆದ್ದರಿಂದ ಅವನು ಯಾವಾಗಲೂ ಈಗಷ್ಟೇ ಎದ್ದು ಬಂದವನ ಹಾಗೆ ಕಾಣುತ್ತಾನೆ.

"ಅಣ್ಣಾ, ನಮ್ಮ ಗೋಡೆ ಬಿರುಕು ಬಿಟ್ಟಿದೆ."

"ನಂಗೂ ಹಿಮ್ಮಡಿ ಬಿರುಕು ಬಿಟ್ಟಿದೆ ಅಕ್ಕ. ಯಾರ ಮೇಲೆ ದೂರು ಕೊಡ್ಲಿ?"

"ನಿಮ್ಮ ಮೋಟಾರು ಬಂದ್ಮೇಲೆ ಬಿಟ್ಟಿದ್ದು."

"ನಿಮ್ಮನೆಗೆ ವಯಸ್ಸೆಷ್ಟು?"

"ಎಂಬತ್ತಾಗಿರಬೇಕು."

"ಮೋಟಾರಿಗೆ ನಾಲ್ಕು ತಿಂಗಳು. ಎಂಬತ್ತು ವರ್ಷದವರು ನಾಲ್ಕು ತಿಂಗಳ ಕೂಸಿನ ಮೇಲೆ ಚಾಡಿ ಹೇಳೋದು ಚೆನ್ನಾಗಿರುತ್ತಾ?"

ಜಗಳ ತೀರಿಸಲು ಒಪ್ಪಂದದಲ್ಲಿ ಒಬ್ಬ ಮಧ್ಯಸ್ಥನಿದ್ದಾನೆ. ಆ ಕಾಲಕ್ಕೆ ಅದು ಗಡಿಯಾರ ರಿಪೇರಿಯ ಅಜ್ಜ. ಅವನ ಅಂಗಡಿಯೇ ಕಚೇರಿ. ಗೋಡೆ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ಅಜ್ಜ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದಿಟ್ಟು ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದ. ಓದಕ್ಕ ಗೋಡೆಯ ಅಳತೆಗಳನ್ನು ಹೇಳಿದಳು. ಗಿರಣಿಯವನು ಹಿಮ್ಮಡಿಯ ಮಾತನ್ನು ಮತ್ತೆ ಹೇಳಿದ. ಅಜ್ಜ ಪದ್ಧತಿಯಂತೆ ಇಬ್ಬರ ಸಹಿಗಳನ್ನೂ ಕೇಳಿದ.

ಗಿರಣಿಯವನ ಕಾಗದದಲ್ಲಿ ಓದಿದವರ ಜಾಗದಲ್ಲಿ ಓದಕ್ಕನ ರುಜು, ಕೇಳಿದವರ ಜಾಗದಲ್ಲಿ ಗಿರಣಿಯವನದು. ಓದಕ್ಕನ ಕಾಗದವನ್ನು ಅಜ್ಜ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಭೂತಗನ್ನಡಿ ಹಾಕಿಕೊಂಡು ನೋಡಿದ.

"ಯಾರಮ್ಮ ಓದಿದ್ದು?"

"ನಾನೇ."

"ಕೇಳಿದ್ದು?"

"ನಾನೇ."

ಒಂದು ಗಡಿಯಾರ ಹನ್ನೊಂದು ಹೊಡೆಯಿತು. ಆಗ ಮಧ್ಯಾಹ್ನ ನಾಲ್ಕು ಗಂಟೆ. ಅಷ್ಟೂ ಹೊಡೆಯುವವರೆಗೆ ಅಜ್ಜ ಕಾದ.

"ಎರಡನೇ ಪುಟ ಏನು ಹೇಳುತ್ತೆ?"

ಓದಕ್ಕನಿಗೆ ಕಾಗದ ಬೇಕಾಗಿರಲಿಲ್ಲ. "ಓದುವವರು ಬೇರೆ, ಕೇಳುವವರು ಬೇರೆ ಇರತಕ್ಕದ್ದು," ಎಂದು ಎಂದಿನ ರಾಗದಲ್ಲಿ ಶುರು ಮಾಡಿದವಳ ದನಿ ಕೊನೆಯ ಪದಕ್ಕೆ ಬರುವಾಗ ಇಳಿದುಹೋಯಿತು.

"ಎಷ್ಟು ಸಲ ಓದಿರಬಹುದು ಇದನ್ನ?"

"ನಾಲ್ಕೂವರೆ ಸಾವಿರ ಸಲ."

"ಒಂದು ಸಲ ಕೇಳಬೇಕಿತ್ತು," ಎಂದ ಅಜ್ಜ.

ಅವಳ ಸಹಿ ಸಹಿಯಲ್ಲ, ಅವಳ ಮನೆ ಒಪ್ಪಂದದಲ್ಲಿಲ್ಲ, ಇಲ್ಲದವರ ಗೋಡೆಯ ದೂರನ್ನು ಕೇಳಲು ತನಗೆ ಅಧಿಕಾರವಿಲ್ಲ ಎಂದು ಅಜ್ಜ ವಿವರಿಸಿದ. ಗಿರಣಿಯವನು ನಗಲಿಲ್ಲ. ಕತ್ತು ಕೆರೆದುಕೊಂಡು, "ಹಾಗಾದ್ರೆ ನಾನು ಹೊರಡ್ಲಾ? ಹಿಟ್ಟಿಗೆ ಜನ ಕಾದಿದ್ದಾರೆ," ಎಂದು ಎದ್ದ.

"ಕೂತ್ಕೋಪ್ಪ. ಮೂರನೇ ಪುಟವೂ ಇದೆ. ಓದುಗರು ಸಹಿದಾರರೇ ಆಗಿರಬೇಕು."

"ಅಂದ್ರೆ ಇವರು ಓದಿದ ನಮ್ಮ ಸಹಿಗಳೂ ಹೋದವಾ?"

ಅಜ್ಜ ತುಂಬ ಹೊತ್ತು ಯೋಚಿಸಿದ. ಇಡೀ ಊರಿಗೆ ಹನ್ನೊಂದು ವರ್ಷದಿಂದ ಆಡಳಿತವೇ ಇರಲಿಲ್ಲ ಎಂದು ಒಂದು ಮಂಗಳವಾರ ಮಧ್ಯಾಹ್ನ ಹೇಳಿಬಿಡುವುದು ಅವನಿಗೆ ಸರಿ ಕಾಣಲಿಲ್ಲ. "ನೀವೆಲ್ಲ ಕೇಳಿದ್ದು ಕೇಳಿದ ಹಾಗೇ. ನಿಮ್ಮ ವರ್ಷ ಮುಗಿಯೋವರೆಗೆ ನಡೆಯುತ್ತೆ. ಆಮೇಲೆ ಇವರು ಓದೋ ಹಾಗಿಲ್ಲ. ಬೇರೆಯವರು ಓದುಗರಾಗೋಕೆ ಒಂದು ವರ್ಷ ಇವರ ಹಿಂದೆ ತಿರುಗಬೇಕು. ನಿಂದು ಯಾವಾಗ ಮುಗಿಯುತ್ತೆ?"

ಗಿರಣಿಯವನು ಬೆರಳು ಮಡಿಸಿದ. ಅವನ ಬೆರಳು ಮುಗಿಯುವ ಮೊದಲೇ ಓದಕ್ಕ, "ಇನ್ನು ಒಂಬತ್ತು ದಿನಕ್ಕೆ. ಎಲ್ಲರಿಗಿಂತ ಮೊದಲು ಮುಗಿಯೋದು ನಿಮ್ದೇ," ಎಂದಳು. ಎಲ್ಲರದ್ದೂ ಅವಳಿಗೆ ಬಾಯಿಪಾಠ.

ಗಿರಣಿಯವನು ಮತ್ತೆ ಬೆಂಚಿನ ಮೇಲೆ ಕೂತ. ಊರಿಗೆ ಕರೆಂಟು ಬರುವುದು ಒಪ್ಪಂದದ ಮೇಲೆ.

"ದಾರಿ ಇದೆ," ಎಂದ ಅಜ್ಜ. "ಓದುಗರ ಮನೆಯಲ್ಲಿ ಯಾವ ಸಹಿದಾರರು ಬೇಕಾದರೂ ಓದಬಹುದು. ಇದು ಕಾಗದದಲ್ಲಿಲ್ಲ, ಮೊದಲಿಂದ ಬಂದ ರೂಢಿ. ಬಲವಂತ ಮಾತ್ರ ಮಾಡೋ ಹಾಗಿಲ್ಲ."

ಇದೇ ಅತ್ತೆಯ ಕೈಸನ್ನೆಗೆ ಸಿಗದೆ ಉಳಿದಿದ್ದ ವಿಷಯ.

ಮರುದಿನ ಬೆಳಿಗ್ಗೆ ಲೈನ್‌ಮನ್ ಬಂದ. ಮೊನ್ನೆ ತಾನೇ ಅವನ ಮನೆಯಲ್ಲಿ ಓದಿ ಬಂದಿದ್ದಳು. "ತಪ್ಪು ತಿಳ್ಕೋಬೇಡಿ ಅಕ್ಕ, ಹನ್ನೊಂದು ವರ್ಷ ನಿಮಗೆ ತಪ್ಪಿ ಬಂದ ಬೆಳಕಂತೆ. ತೆಗೀಲಾ?" ಎಂದು ಕೇಳಿ, ಫ್ಯೂಸು ಕಿತ್ತು, ಚಹಾ ಕುಡಿದು, ಚೆನ್ನಾಗಿತ್ತು ಎಂದು ಹೇಳಿ ಹೋದ. ಅವನ ಹಿಂದೆಯೇ ಕೊಡೆ ರಿಪೇರಿಯವನು ಬಂದ. ಊರಿನಲ್ಲಿ ಇವತ್ತಿನವರೆಗೆ ಸಹಿ ಹಾಕದೆ ಉಳಿದಿದ್ದವನು ಅವನೊಬ್ಬನೇ. ಹಾಕುವುದಿಲ್ಲ ಏಕೆಂದರೆ ಹಾಕುವುದಿಲ್ಲ.

"ನಮ್ಮ ಕಡೆಗೆ ಬಂದ್ರಂತೆ, ಸಂತೋಷ. ಇಲ್ಲೀವರೆಗೆ ಸಭೆ ಕರೆದ್ರೆ ನಾನೊಬ್ಬನೇ ಬರ್ತಿದ್ದೆ," ಎಂದ. ನೀರನ್ನು ಯಾವ ಬಾವಿಯಿಂದ ಹೊರಬೇಕು, ಸೀಮೆಎಣ್ಣೆ ಯಾರು ಕೊಡುತ್ತಾರೆ, ಚರಂಡಿ ಕಟ್ಟಿದರೆ ಯಾವ ಕೋಲು ಒಳ್ಳೆಯದು ಎಂದು ಎಲ್ಲವನ್ನೂ ತೋರಿಸಿಕೊಟ್ಟ.

"ಹನ್ನೊಂದು ವರ್ಷದಿಂದ ನಾನೂ ಈ ಊರಲ್ಲಿ ಇರಲಿಲ್ಲ ಅಂತಾಯ್ತು," ಎಂದ ಟೈಲರು. ಅವನ ಯಂತ್ರ ಕಾಲಿನಲ್ಲಿ ತುಳಿಯುವುದು, ಕರೆಂಟಿನ ಹಂಗಿಲ್ಲ. "ಈಗ ನಾನು ಹೇಳೋದು ಕೇಳು. ಒಂಬತ್ತು ದಿನ ಬಾಯಿ ಮುಚ್ಕೊಂಡು ಕೂತ್ಕೋ. ಅವನ ಕರೆಂಟು ಹೋಗುತ್ತೆ. ಮೋಟಾರು ನಿಲ್ಲುತ್ತೆ. ಗೋಡೆ ತಾನಾಗೇ ಉಳಿಯುತ್ತೆ."

"ಹತ್ತನೇ ದಿನ ಸೂಲಗಿತ್ತಿ ಮನೆ. ಅವತ್ತೇ ಮಧ್ಯಾಹ್ನ ಶಾಲೆ ಮೇಷ್ಟ್ರು. ಹನ್ನೊಂದಕ್ಕೆ ಔಷಧಿ ಅಂಗಡಿ. ದಿನಕ್ಕೆ ಎರಡು ಮನೆ ಕತ್ತಲಾಗುತ್ತೆ."

"ಒಳ್ಳೇದಲ್ವಾ, ನಿಧಾನಕ್ಕೆ ಅಭ್ಯಾಸ ಆಗುತ್ತೆ."

ಅವನು ತಮಾಷೆ ಮಾಡುತ್ತಿದ್ದ, ಆದರೆ ಅವನ ತಲೆಯ ಹಿಂದೆ ಗೋಡೆ ಅದುರುತ್ತಿತ್ತು. ಒಂದು ಚೂರು ಗಾರೆ ಅವನ ಭುಜದ ಮೇಲೆ ಬಿತ್ತು. ಅದನ್ನು ಅವನು ದಾರದ ತುಂಡನ್ನು ಕೊಡವುವಂತೆ ಕೊಡವಿಕೊಂಡು ಹೊಲಿಗೆ ಮುಂದುವರಿಸಿದ. ಓದಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು ಹೊರಗೆ ಹೋದಳು.

ಐದು ದಿನ ಅವಳು ಬಾಗಿಲಿನಿಂದ ಬಾಗಿಲಿಗೆ ಹೋಗಿ, ನನಗೊಂದು ಸಲ ಓದಿ ಹೇಳ್ತೀರಾ ಎಂದು ಕೇಳಿದಳು. ಔಷಧಿ ಅಂಗಡಿಯವರಿಗೆ ಗಂಟಲು ಕಟ್ಟಿತ್ತು. ಗಂಟಲಿನ ಔಷಧಿ ಅವರ ಹಿಂದೆಯೇ ಸಾಲಾಗಿತ್ತು. ಸೂಲಗಿತ್ತಿಗೆ ತನ್ನ ಸಹಿ ಬಿಟ್ಟು ಬೇರೆ ಅಕ್ಷರ ಬರುತ್ತಿರಲಿಲ್ಲ. ಶಾಲೆಯ ಮೇಷ್ಟ್ರು ಮಾತ್ರ ನಿಜ ಹೇಳಿದರು.

"ನಿಮ್ಮ ಮುಂದೆ ಓದೋದಾ? ಒಂದು ಒತ್ತಕ್ಷರ ತಪ್ಪಿದ್ರೆ ನಿಮ್ಮ ಹುಬ್ಬು ಮೇಲೆ ಹೋಗುತ್ತೆ. ಮೂವತ್ತು ವರ್ಷ ಮಕ್ಕಳನ್ನ ಹೆದರಿಸಿದೀನಿ ಅಕ್ಕ, ಈ ವಯಸ್ಸಲ್ಲಿ ನಾನು ಹೆದರೋಕೆ ತಯಾರಿಲ್ಲ."

ಬಲವಂತ ಮಾಡುವ ಹಾಗಿರಲಿಲ್ಲ. ಅವಳು ಮಾಡಲಿಲ್ಲ.

ಆರನೆಯ ದಿನ ಬೆಳಿಗ್ಗೆ ಗಿರಣಿಯವನು ತಾನೇ ಬಂದು ಹೊಸ್ತಿಲ ಹೊರಗೆ ನಿಂತ. ಯಾರದೋ ಕನ್ನಡಕ ತಂದಿದ್ದ.

"ಓದೋಕೆ ಬಂದೆ."

"ಓದೋಕೆ ಬರುತ್ತಾ?" ಎಂದು ಒಳಗಿನಿಂದ ಟೈಲರು ಕೇಳಿದ.

"ತೂಕದ ಚೀಟಿ ಓದ್ತೀನಿ ಭಾವ. ಇದು ಸ್ವಲ್ಪ ಉದ್ದದ ಚೀಟಿ."

ಕೇಳುವವಳು ತೋರಿಸಿದ ಜಾಗದಲ್ಲಿ ಓದಬೇಕು. ಓದಕ್ಕ ಹಿಂದಿನ ಕೋಣೆ ತೋರಿಸಿದಳು. ಗಿರಣಿಯವನು ಬಿರುಕಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತ. ಆಚೆ ಅವನ ಭಾವಮೈದುನ ಮೋಟಾರು ಶುರು ಮಾಡಿದ್ದ.

"ಯಾರನ್ನೂ ಇದಕ್ಕೆ," ಎಂದು ಗಿರಣಿಯವನು ಓದಿದ.

"ಕೇಳಿಸಲಿಲ್ಲ," ಎಂದಳು ಓದಕ್ಕ.

ಅವನು ದನಿ ಏರಿಸಿ ಮತ್ತೆ ಓದಿದ. ಐದನೆಯ ಸಾಲಿನವರೆಗೆ ಬಂದ.

"ಕೇಳಿಸಲಿಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವನು ಮೊದಲ ಪುಟವನ್ನು ಒಂಬತ್ತು ಸಲ ಶುರು ಮಾಡಿದ. ಹತ್ತನೆಯ ಸಲಕ್ಕೆ ಅವನ ಕೈಯಲ್ಲಿದ್ದ ಕಾಗದದ ಮೇಲೆ ಗಾರೆ ಉದುರಿತು. ಅವನು ಅದನ್ನು ಊದಿದ, ಮತ್ತೆ ಉದುರಿತು. ಆಗ ಕನ್ನಡಕದ ಮೇಲಿನಿಂದ ಸುತ್ತ ನೋಡಿದ. ಹೊಲಿಗೆ ಯಂತ್ರದ ಮೇಲಿಟ್ಟಿದ್ದ ಚಹಾದ ಲೋಟ ಯಾರೂ ಮುಟ್ಟದೆ ಅಂಚಿನ ಕಡೆಗೆ ನಡೆಯುತ್ತಿತ್ತು. ಟೈಲರು ಅದನ್ನು ಅಂಚಿನಲ್ಲಿ ಹಿಡಿದು ಮತ್ತೆ ಹಿಂದಕ್ಕೆ ಇಟ್ಟ, ತುಂಬ ದಿನದ ರೂಢಿ ಎನ್ನುವಂತೆ, ಕಣ್ಣೆತ್ತದೆ. ಗಿರಣಿಯವನು ತಿರುಗಿ, ಸೀಮೆಸುಣ್ಣದ ಸೋಮವಾರಗಳನ್ನು ಒಂದೊಂದಾಗಿ ಓದಿದ. ಅವು ತೂಕದ ಚೀಟಿಯಷ್ಟೇ ಚಿಕ್ಕವು, ತಡವರಿಸಲಿಲ್ಲ. ಆಮೇಲೆ ಗೋಡೆಗೆ ಅಂಗೈ ಒತ್ತಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತ.

ಹೊರಗೆ ಹೋದ. ಮೋಟಾರು ನಿಂತಿತು. ತಿರುಗಿ ಬಂದು ಓದಿದ.

ಗಿರಣಿಯವನ ಓದು ಮೂಟೆ ಹೊತ್ತು ಮೆಟ್ಟಿಲು ಹತ್ತುವವನ ನಡಿಗೆಯಂತಿತ್ತು. ಪ್ರತಿ ಪದದ ಮೇಲೂ ಒಂದು ಕ್ಷಣ ನಿಂತು, ಭಾರ ಸರಿಮಾಡಿಕೊಂಡು, ಮುಂದಿನದಕ್ಕೆ ಕಾಲಿಡುತ್ತಿದ್ದ. ಒತ್ತಕ್ಷರಗಳು ತಪ್ಪಿದವು. ಓದಕ್ಕನ ಹುಬ್ಬು ಏರಲಿಲ್ಲ. ಅವಳು ಕಣ್ಣು ಮುಚ್ಚಿ ಕೂತಿದ್ದಳು. ಹನ್ನೊಂದು ವರ್ಷ ತನ್ನ ಬಾಯಿಂದ ಹೊರಟು ಬೇರೆಯವರ ಕಡೆಗೆ ಹೋಗುತ್ತಿದ್ದ ಮಾತುಗಳು ಈಗ ಎದುರಿನಿಂದ ಬರುತ್ತಿದ್ದವು, ಬೆನ್ನು ಮಾತ್ರ ಕಂಡು ಗೊತ್ತಿದ್ದವರ ಮುಖ ಕಂಡ ಹಾಗೆ.

ಇಪ್ಪತ್ತಾರನೆಯ ಪುಟ ಬಂತು. ಬೇರೆ ಗತಿಯಿಲ್ಲದೆ ಹಾಕಿದ ಸಹಿಯನ್ನು ಸಹಿಯೆಂದು ಎಣಿಸತಕ್ಕದ್ದಲ್ಲ. ಅತ್ತೆ ನೀರು ಕುಡಿಯಲು ಹೇಳಿಕೊಟ್ಟಿದ್ದ ಜಾಗ ಇದರ ನಂತರದ ಸಾಲು. ಗಂಟಲು ಒಣಗಿರುತ್ತಿದ್ದುದರಿಂದ ಇದನ್ನು ಅವಳು ಯಾವಾಗಲೂ ಒಂದೇ ಉಸಿರಿನಲ್ಲಿ ದಾಟಿಬಿಡುತ್ತಿದ್ದಳು. ಗಿರಣಿಯವನಿಗೆ ಇದನ್ನು ದಾಟಲು ಒಂದು ನಿಮಿಷ ಬೇಕಾಯಿತು.

ಓದು ಮುಗಿಯುವಾಗ ಮಧ್ಯಾಹ್ನ ಕಳೆದಿತ್ತು.

"ಕೇಳಿದಿರಾ?"

"ಕೇಳಿದೆ."

"ಒಪ್ಪಿಗೆಯಾ?"

ಓದಕ್ಕ ಕಣ್ಣು ತೆರೆದಳು. ಟೈಲರು ಕಾಲು ತುಳಿಯುವುದನ್ನು ನಿಲ್ಲಿಸಿದ.

"ನಾನೀಗ ಒಪ್ಪಿಗೆ ಅಂದ್ರೆ ಯಾಕೆ ಅಂತೀನಿ?" ಎಂದಳು. "ಗೋಡೆ ಬೀಳ್ತಿದೆ. ದೂರು ಕೊಡೋಕೆ ಸಹಿ ಬೇಕು. ಬೇರೆ ಗತಿ ಇಲ್ಲ. ಇಪ್ಪತ್ತಾರನೇ ಪುಟದ ಪ್ರಕಾರ ಅದು ಸಹಿ ಅಲ್ಲ."

ಗಿರಣಿಯವನು ಪುಟ ತಿರುಗಿಸಿ ನೋಡಿದ. ಅಲ್ಲಿ ಹಾಗೇ ಇತ್ತು. "ನಂಗೂ ಗತಿ ಇಲ್ವಲ್ಲ ಅಕ್ಕ. ಇನ್ನು ಮೂರು ದಿನ. ಕರೆಂಟು ಹೋದ್ರೆ ಮೋಟಾರು ಕಟ್ಕೊಂಡು ಏನು ಮಾಡ್ಲಿ?"

"ಹಾಗಾದ್ರೆ ನೀವು ಹಾಕಿದ್ರೂ ಅದು ಸಹಿ ಅಲ್ಲ."

"ಹೀಗೇ ನೋಡ್ತಾ ಹೋದ್ರೆ," ಎಂದ ಟೈಲರು, "ಊರಲ್ಲಿ ಯಾರ ಸಹಿ ಸಹಿ? ಕತ್ತಲಲ್ಲಿ ಕೂರೋಕೆ ಯಾರಿಗಿಷ್ಟ ಅಂತ ಎಲ್ರೂ ಹಾಕೋದು."

ಇದು ಮೂವರಲ್ಲಿ ಯಾರಿಗೂ ಬೇಕಾದ ಪ್ರಶ್ನೆಯಾಗಿರಲಿಲ್ಲ.

"ಮೋಟಾರು ಸರಿಸ್ತೀನಿ ಅಂತ ಬರ್ಕೊಡ್ಲಾ?" ಎಂದು ಗಿರಣಿಯವನು ಮೆತ್ತಗೆ ಕೇಳಿದ.

"ನಾನು ಸಹಿ ಹಾಕಲ್ಲ ಅನ್ನೋ ಭಯಕ್ಕೆ ಬರೆದು ಕೊಟ್ರೆ ಅದೂ ಗತಿಯಿಲ್ಲದ ಸಹೀನೇ. ಬೇಡ ಅಣ್ಣ."

ಅವನು ಕನ್ನಡಕ ಮಡಿಚಿ ಹೋದ. ಓದಕ್ಕ ಕೂತಲ್ಲೇ ಕೂತಿದ್ದಳು. ಊರಿಗೆ ಊರನ್ನೇ ಕತ್ತಲಿಗೆ ತಳ್ಳಿ, ಗೋಡೆಯನ್ನೂ ಉಳಿಸಿಕೊಳ್ಳಲಾಗದೆ, ಒಂದು ಸಾಲನ್ನು ಮಾತ್ರ ಸರಿಯಾಗಿ ಕೇಳಿಸಿಕೊಂಡಿದ್ದಳು.

"ಚೆನ್ನಾಗಿ ಕೇಳಿದೆ," ಎಂದ ಗಂಡ. "ಇಷ್ಟು ಚೆನ್ನಾಗಿ ಕೇಳೋರು ಊರಲ್ಲಿ ಇನ್ನೊಬ್ಬರು ಇದ್ದಿದ್ರೆ ನಿನ್ನ ಕೆಲಸ ಯಾವತ್ತೋ ಹೋಗ್ತಿತ್ತು." ಬೈದದ್ದೋ ಹೊಗಳಿದ್ದೋ ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಂತಿರಲಿಲ್ಲ. ಎದ್ದು ಬಂದು ಅವಳ ಹೆಗಲ ಮೇಲಿದ್ದ ಗಾರೆಯ ಪುಡಿಯನ್ನು ಕೊಡವಿದ.

ಮರುದಿನ ಬೆಳಿಗ್ಗೆ ಮೋಟಾರು ಶುರುವಾಗಲಿಲ್ಲ. ಬದಲಿಗೆ ಸುತ್ತಿಗೆ, ಉಳಿಯ ಸದ್ದು. ಗಿರಣಿಯವನು ಮತ್ತು ಅವನ ಭಾವಮೈದುನ ಸೇರಿ ಸಿಮೆಂಟಿನ ಕಟ್ಟೆ ಒಡೆಯುತ್ತಿದ್ದರು. ಎರಡು ದಿನ ಹಿಡಿಯಿತು. ಮೋಟಾರನ್ನು ಹಗ್ಗ ಕಟ್ಟಿ ಎಳೆದು ಬೀದಿಯ ಕಡೆಯ ಮೂಲೆಗೆ ಒಯ್ದು, ಅಡಿಗೆ ಹಳೆಯ ಲಾರಿ ಟಯರಿನ ತುಂಡುಗಳನ್ನು ಹಾಸಿ ಕೂರಿಸಿದರು. ಆಮೇಲೆ ಎರಡು ಮರದ ತೊಲೆ ಹೊತ್ತು ತಂದು ಓದಕ್ಕನ ಹಿಂದಿನ ಕೋಣೆಯಲ್ಲಿ ಗೋಡೆಗೆ ಆನಿಸಿ ಆಸರೆ ಕೊಟ್ಟರು. ಯಾವ ಕಾಗದವೂ ಇರಲಿಲ್ಲ.

"ಯಾಕೆ ಸರಿಸಿದ್ರಿ?" ಎಂದು ಓದಕ್ಕ ಕೇಳಿದಳು.

"ಆ ಮೂಲೇಲಿ ಗಾಳಿ ಚೆನ್ನಾಗಿದೆ," ಎಂದ ಗಿರಣಿಯವನು. ಆ ಮೂಲೆಯಲ್ಲಿ ಕಿಟಕಿ ಇರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಅವನು ಮತ್ತೆ ಕನ್ನಡಕ ಹಾಕಿಕೊಂಡು ಬಂದ. ಒಪ್ಪಂದವನ್ನು ಮತ್ತೆ ಓದಬೇಕಾಗಿರಲಿಲ್ಲ. ಕೇಳಿದ್ದು ಕೇಳಿದ ಹಾಗೇ ಇತ್ತು. ಕೊನೆಯ ಪ್ರಶ್ನೆ ಮಾತ್ರ ಬಾಕಿ.

"ಒಪ್ಪಿಗೆಯಾ ಅಕ್ಕ?"

ಓದಕ್ಕ ಸುತ್ತ ನೋಡಿದಳು. ಗೋಡೆ ತನ್ನ ಪಾಡಿಗೆ ನಿಂತಿತ್ತು. ಸೀಮೆಎಣ್ಣೆಯ ದೀಪ ಗೂಡಿನಲ್ಲಿತ್ತು. ಮೂರು ಕೊಡ ನೀರು ಮೂಲೆಯಲ್ಲಿ ತುಂಬಿ ನಿಂತಿದ್ದವು. ಸಹಿಯಿಲ್ಲದೆಯೂ ದಿನ ಕಳೆಯುತ್ತದೆ ಎಂದು ಒಂದು ವಾರದಲ್ಲಿ ಗೊತ್ತಾಗಿತ್ತು. ಸೊಂಟ ನೋಯುತ್ತದೆ, ಅಷ್ಟೇ. ಈಗ ಬೇಡ ಎಂದರೂ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಹಾಗೆಂದು ತಿಳಿದ ಮೇಲೆ ಅವಳಿಗೆ ಹೌದು ಎನ್ನುವ ಮನಸ್ಸು ಬಂತು.

"ಒಪ್ಪಿಗೆ. ಆದ್ರೆ ಅಂಚಲ್ಲಿ ಒಂದು ಸಾಲು ಬರೀತೀನಿ."

ಪ್ರತಿ ಪುಟದ ಎಡಕ್ಕೂ ಹಿರಿಯರು ನಾಲ್ಕು ಬೆರಳು ಅಂಚು ಬಿಟ್ಟಿದ್ದರು. ಸಹಿ ಹಾಕುವವರು ತಮ್ಮ ಕಡೆಯ ಮಾತೊಂದನ್ನು ಅಲ್ಲಿ ಬರೆಯಬಹುದು, ಅದು ಬರೆದವರನ್ನು ಮಾತ್ರ ಕಟ್ಟಿಹಾಕುತ್ತದೆ ಎಂದು ಮೂವತ್ತೆಂಟನೆಯ ಪುಟ ಹೇಳುತ್ತದೆ. ಅಷ್ಟು ವರ್ಷವೂ ಊರಿನವರು ಆ ಅಂಚನ್ನು ಅಂದಕ್ಕೆ ಬಿಟ್ಟದ್ದೆಂದುಕೊಂಡಿದ್ದರು. ಓದಕ್ಕ ಇಪ್ಪತ್ತಾರನೆಯ ಪುಟದ ಅಂಚಿನಲ್ಲಿ ಬರೆದಳು: ಒಪ್ಪಿಗೆಯೇ ಎನ್ನುವ ಮೊದಲು, ಬೇರೆ ಗತಿ ಇದೆಯೇ ಎಂದು ನಾನು ಕೇಳತಕ್ಕದ್ದು.

ಗಡಿಯಾರದ ಅಜ್ಜ ಅದನ್ನು ಭೂತಗನ್ನಡಿ ಹಾಕಿಕೊಂಡು ನೋಡಿ, ಕಟ್ಟಿಹಾಕುವುದು ಇವಳೊಬ್ಬಳನ್ನೇ, ಆದ್ದರಿಂದ ತೊಂದರೆಯಿಲ್ಲ ಎಂದ. ಊರಿನಲ್ಲಿ ಓದುವವಳು ಅವಳೊಬ್ಬಳೇ ಎಂಬುದು ಅವನಿಗೆ ಊಟದ ನಂತರ ಹೊಳೆಯಿತು. ಅಷ್ಟರಲ್ಲಿ ಲೈನ್‌ಮನ್ ಫ್ಯೂಸು ಹಾಕಿ ಹೋಗಿದ್ದ.

ಆ ಮಧ್ಯಾಹ್ನವೇ ಅವಳು ಗಿರಣಿಗೆ ಅಂಟಿಕೊಂಡಿದ್ದ ಗಿರಣಿಯವನ ಮನೆಯಲ್ಲಿ ಓದಿದಳು. ಇಪ್ಪತ್ತಾರನೆಯ ಪುಟವನ್ನು ನಿಧಾನವಾಗಿ ಓದಿದಳು. ನೀರನ್ನು ಆಮೇಲೆ ಕುಡಿದಳು.

"ಕೇಳಿದಿರಾ?"

"ಕೇಳಿದೆ."

"ಬೇರೆ ಗತಿ ಇದೆಯೇ?"

ಗಿರಣಿಯವನು ಎದ್ದು ಹಿಂದಿನ ಚಪ್ಪರಕ್ಕೆ ಕರೆದೊಯ್ದ. ಅಲ್ಲಿ ಅವನ ಅಪ್ಪನ ಕಾಲದ ಡೀಸೆಲ್ ಎಂಜಿನ್ನು ತುಕ್ಕು ಒರೆಸಿಕೊಂಡು ಕೂತಿತ್ತು. ಬೆಳಿಗ್ಗೆಯಿಂದ ಅದರಲ್ಲೇ ಎರಡು ಮೂಟೆ ಬೀಸಿದ್ದನಂತೆ.

"ಇದೆ. ಹೊಗೆ ಜಾಸ್ತಿ, ಆದ್ರೆ ಇದೆ."

"ಒಪ್ಪಿಗೆಯೇ?"

"ಒಪ್ಪಿಗೆ," ಎಂದು ಅವನು ಹಿಟ್ಟಿನ ಕೈಯನ್ನು ಒರೆಸಿಕೊಂಡು ಸಹಿ ಹಾಕಿದ.

ಮರುದಿನ ಬೆಳಿಗ್ಗೆ ಸೂಲಗಿತ್ತಿಯ ಮನೆ. ಆಕೆ ತೇಪೆಯ ಬಟ್ಟೆಗಳನ್ನು ಹರಡಿಕೊಂಡು ಕೂತಿದ್ದಳು. ಮೂರೂವರೆ ಗಂಟೆಯಲ್ಲಿ ಏಳು ಬಟ್ಟೆ ಮುಗಿದವು.

"ಕೇಳಿದಿರಾ?"

"ಹೂಂ, ಕೇಳಿದೆ ಕಣೇ."

"ಬೇರೆ ಗತಿ ಇದೆಯೇ?"

ಸೂಲಗಿತ್ತಿಯ ಸೂಜಿ ನಿಂತಿತು. ಇಪ್ಪತ್ತು ವರ್ಷದಲ್ಲಿ ಈ ಕಾಗದದ ವಿಷಯಕ್ಕೆ ಆಕೆ ತಲೆ ಎತ್ತಿದ್ದು ಅದೇ ಮೊದಲು. "ಇಲ್ಲ ಕಣೇ. ಎಲ್ಲಿಂದ ಬರುತ್ತೆ? ನೀರು ಹೊರೋಕೆ ಮಂಡಿ ಇಲ್ಲ, ದೀಪ ಇಲ್ದೆ ಹೆರಿಗೆ ಮಾಡ್ಸೋಕೆ ಆಗಲ್ಲ. ಎಲ್ಲಿ ಹಾಕ್ಬೇಕು ಹೇಳು, ಹಾಕ್ತೀನಿ."

ಅವಳು ಲೇಖನಿಗಾಗಿ ಕೈ ಚಾಚಿದಳು. ಓದಕ್ಕ ಲೇಖನಿ ಕೊಡಲಿಲ್ಲ. ಕಾಗದವನ್ನು ಚೀಲಕ್ಕೆ ಹಾಕಿ, ಚೀಲವನ್ನು ಗೋಡೆಗೆ ಒರಗಿಸಿಟ್ಟಳು. ಮಧ್ಯಾಹ್ನ ಮೇಷ್ಟ್ರ ಮನೆಯಲ್ಲಿ ಓದಬೇಕಿತ್ತು. ಇವತ್ತು ಆಗುವುದಿಲ್ಲ ಎಂದು ಅವರಿಗೆ ಹೇಳಿಕಳಿಸಿದಳು.

"ಮೊದಲು ಗತಿ ಹುಡುಕೋಣ. ನಿಮ್ಮನೆಯಿಂದ ಬಾವಿ ಎಷ್ಟು ದೂರ ಅಮ್ಮ?" ಎಂದು ಕೇಳುತ್ತ ತೇಪೆಯ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಕೂತಳು.